8 ತಿಂಗಳಿಂದ ಫಿಸಿಯೋ ಮಾಡಿಸುತ್ತಿದ್ದೇವೆ, ಮಗ ಇನ್ನೂ ನಡೆಯುತ್ತಿಲ್ಲ. ಬಿಡಲಾ, ಮುಂದುವರಿಸಲಾ?

ಶಹಾಬಾದ್_ಅವ್ವ
ಎಲ್ಲರಿಗೂ ನಮಸ್ಕಾರ. ಮೊದಲ ಸಲ ಬರೆಯುತ್ತಿದ್ದೇನೆ. ಉದ್ದ ಆದರೆ ಬೈಯಬೇಡಿ.

ಮಗನಿಗೆ ನಾಲ್ಕೂವರೆ ವರ್ಷ. ಏಳು ತಿಂಗಳಿಗೇ ಹುಟ್ಟಿದ. ಚೀಟಿಯಲ್ಲಿ ಸೆರೆಬ್ರಲ್ ಪಾಲ್ಸಿ, ಸ್ಪಾಸ್ಟಿಕ್ ಡೈಪ್ಲೀಜಿಯಾ ಅಂತ ಬರೆದಿದ್ದಾರೆ. ಮೆದುಳಿಗೆ ಪೆಟ್ಟಾಗಿ ಎರಡೂ ಕಾಲು ಬಿಗಿಯಾಗುವುದಂತೆ. ಕೈ ಚಲೋ ಇವೆ. ಮಾತಂತೂ ಜಾಸ್ತಿನೇ. ನನ್ನ ಮೊಬೈಲ್ ಲಾಕ್ ತೆಗೆಯುತ್ತಾನೆ. ಕಾಲು ಮಾತ್ರ ಬಿಗಿ. ನಿಲ್ಲಿಸಿದರೆ ತುದಿಗಾಲಲ್ಲಿ ನಿಲ್ಲುತ್ತಾನೆ. ಹೆಜ್ಜೆ ಇಡಿಸಿದರೆ ಒಂದು ಕಾಲು ಇನ್ನೊಂದಕ್ಕೆ ಕತ್ತರಿ ಹಾಕಿಕೊಳ್ಳುತ್ತದೆ. ಮನೆಯಲ್ಲಿ ಮೊಲದ ಹಾಗೆ ಎರಡೂ ಮೊಣಕಾಲು ಒಟ್ಟಿಗೆ ಕುಪ್ಪಳಿಸಿಕೊಂಡು ಓಡಾಡುತ್ತಾನೆ. ಗೋಡೆ ಹಿಡಿದು ಎದ್ದು ನಿಲ್ಲುತ್ತಾನೆ.

ವಾರಕ್ಕೆ ಮೂರು ದಿನ ಕಲಬುರಗಿಯ ಒಂದು ಸೆಂಟರ್‌ಗೆ ಕರೆದುಕೊಂಡು ಹೋಗುತ್ತೇನೆ. ಬಸ್ಸು, ಆಮೇಲೆ ಆಟೋ. ಬಸ್ಸು ನನಗೆ ಫ್ರೀ, ಆಟೋದವನಿಗೆ ಯಾರು ಹೇಳಬೇಕು. ಅಲ್ಲಿ ಮಂಚದ ಮೇಲೆ ಮಲಗಿಸಿ ಅರ್ಧ ಗಂಟೆ ಕಾಲು ಎಳೆಯುತ್ತಾರೆ. ಇವನು ಅರ್ಧ ಗಂಟೆ ಅಳುತ್ತಾನೆ. ಅಷ್ಟೇ, ಮುಗಿಯಿತು. 8 ತಿಂಗಳಿಂದ ಇದೇ. ಈಗ ಬಿಳಿ ಅಂಗಿಯವರು ಯಾರು ಕಂಡರೂ ಅಳು. ಮೊನ್ನೆ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ರಾಜಕೀಯದವರನ್ನು ಕಂಡು ಅತ್ತ.

ಅತ್ತೆ ಎಣ್ಣೆ ತಿಕ್ಕಿ ಬಿಸಿಲಿಗೆ ಹಾಕು ಅಂತಾರೆ. ಪಕ್ಕದ ಮನೆಯವರು ಹೈದರಾಬಾದಿಗೆ ಹೋಗಿ ಇಂಜೆಕ್ಷನ್ ಮಾಡಿಸು ಅಂತಾರೆ. ನಮ್ಮ ಮನೆಯವರು ಫರ್ಸಿ ಕಲ್ಲಿನ ಪಾಲಿಶ್ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಾರೆ, ಅವರು ಸಾಕು ಬಿಡು ಅಂತಾರೆ. ನನಗೆ ಒಂದೇ ಪ್ರಶ್ನೆ. ಇವನು ನಡೆಯುತ್ತಾನಾ?

ಆಳಂದ_ಅಕ್ಕ
ತಂಗೀ, ನನ್ನ ಮಗಳಿಗೆ ಈಗ 11. ಅದೇ ಡೈಪ್ಲೀಜಿಯಾ. ನಾನೂ ಎರಡು ವರ್ಷ ಮಂಚದ ಮೇಲೆ ಎಳೆಸಿದ್ದೇ ಎಳೆಸಿದ್ದು. ಆಮೇಲೆ ಬುದ್ಧಿ ಬಂತು. ಈಜು ಕಲಿಸುವವರು ಹುಡುಗನನ್ನು ಬಾವಿ ದಂಡೆಯ ಮೇಲೆ ಮಲಗಿಸಿ ಕೈಕಾಲು ಎಳೆಯುತ್ತಾರಾ? ಬೆನ್ನಿಗೆ ಬೆಂಡು ಕಟ್ಟಿ ನೀರಿಗೆ ಇಳಿಸುತ್ತಾರೆ. ನಡಿಗೆಯೂ ಹಾಗೇ. ನಿಂತು, ಬಿದ್ದು, ಎದ್ದು ಕಲಿಯಬೇಕು. ಮಲಗಿ ಕಲಿಯೋದಲ್ಲ.

ಫಿಸಿಯೋ ಬಿಡಬೇಡ. ಆ ತರದ ಫಿಸಿಯೋ ಬಿಡು.

ತೊಗರಿ_ಕಣಜ
ಅಕ್ಕಾ, ಬಾವಿ ದಂಡೆ ಮಾತು ಭಾಳ ಬರೋಬ್ಬರಿ ಇದೆ.

ಹಳೇ_ಫಿಸಿಯೋ
ಸುಮ್ನೆ ಬಾಯಿಗೆ ಬಂದದ್ದು ಹೇಳಬೇಡಿ ಅಕ್ಕಾ. 20 ವರ್ಷದಿಂದ ಈ ಕೆಲಸದಲ್ಲಿದ್ದೇನೆ. ಎಳೆಯೋದು ಬಿಟ್ಟರೆ ಸ್ನಾಯು ಕುಗ್ಗಿ ಗಂಟಾಗುತ್ತದೆ, ಹಿಮ್ಮಡಿ ನೆಲಕ್ಕೆ ಮುಟ್ಟೋದೇ ಇಲ್ಲ. ಆಮೇಲೆ ಆಪರೇಷನ್‌ಗೆ ನೀವು ದುಡ್ಡು ಕೊಡುತ್ತೀರಾ? ಮಗು ಅಳುತ್ತದೆ ಅಂತ ಪೋಲಿಯೋ ಹನಿ ಹಾಕಿಸೋದು ಬಿಡುತ್ತೀವಾ?

ಆಳಂದ_ಅಕ್ಕ
ಪೋಲಿಯೋ ಹನಿಗೆ ಯಾವ ಕೂಸೂ ಅರ್ಧ ಗಂಟೆ ಅಳುವುದಿಲ್ಲ ಸರ್.

ಬೀದರ್_ಫಿಸಿಯೋ
ಇಬ್ಬರದೂ ಅರ್ಧರ್ಧ ಖರೆ. ನಾನೂ ಫಿಸಿಯೋನೇ, ಮಕ್ಕಳನ್ನೇ ಜಾಸ್ತಿ ನೋಡುತ್ತೇನೆ. ಸ್ವಲ್ಪ ಉದ್ದ ಬರೆಯುತ್ತೇನೆ.

ಸ್ನಾಯು ಕುಗ್ಗುತ್ತದೆ ಅನ್ನೋದು ನಿಜ. ಮೂಳೆ ಬೆಳೆಯುವ ವೇಗಕ್ಕೆ ಬಿಗಿಯಾದ ಸ್ನಾಯು ಬೆಳೆಯುವುದಿಲ್ಲ. ಆದರೆ ಕೈಯಿಂದ ಒಂದು ನಿಮಿಷ ಎಳೆದು ಬಿಟ್ಟರೆ ಅದು ಉದ್ದ ಆಗುವುದಿಲ್ಲ. ತುಂಬಾ ಹೊತ್ತು ಹಿಗ್ಗಿದ ಸ್ಥಿತಿಯಲ್ಲೇ ಇರಬೇಕು. ಅದಕ್ಕೇ ಸ್ಪ್ಲಿಂಟ್ (ಕಾಲಿಗೆ ಕಟ್ಟುವ ಪ್ಲಾಸ್ಟಿಕ್ ಆಸರೆ), ನಿಲ್ಲುವ ಫ್ರೇಮ್, ಕೆಲವರಿಗೆ ವಾರ ವಾರ ಬದಲಿಸುವ ಪ್ಲಾಸ್ಟರ್. ಆಸ್ಟ್ರೇಲಿಯಾದ ಅಯೋನಾ ನೋವಾಕ್ ಮತ್ತವರ ತಂಡ 2013ರಲ್ಲಿ, ಮತ್ತೆ 2020ರಲ್ಲಿ ಸೆರೆಬ್ರಲ್ ಪಾಲ್ಸಿಗೆ ಕೊಡುವ ಚಿಕಿತ್ಸೆಗಳನ್ನೆಲ್ಲ ಜಾಲಾಡಿ ಟ್ರಾಫಿಕ್ ದೀಪದ ಹಾಗೆ ಹಸಿರು, ಹಳದಿ, ಕೆಂಪು ಅಂತ ವಿಂಗಡಿಸಿದರು. ಮಗು ತಾನೇ ಒಂದು ಕೆಲಸ ಮಾಡಲು ಹೊರಟು, ಅದನ್ನೇ ಮತ್ತೆ ಮತ್ತೆ ಮಾಡಿ ಕಲಿಯುವ ಅಭ್ಯಾಸ ಹಸಿರಿನಲ್ಲಿದೆ. ಮಗು ಸುಮ್ಮನೆ ಮಲಗಿ, ಬೇರೆಯವರು ಕೈಕಾಲು ಆಡಿಸುವುದು ಹಸಿರಿನಲ್ಲಿ ಇಲ್ಲ.

ನಮಗೆ ಕಾಲೇಜಿನಲ್ಲಿ ಕಲಿಸಿದ್ದು ಬೋಬತ್ ಪದ್ಧತಿ, ಅಂದರೆ ಫಿಸಿಯೋ ತನ್ನ ಕೈಯಿಂದ ಹಿಡಿದು ಮಗುವಿನ ಚಲನೆ ತಿದ್ದುವುದು. ಬೋಬತ್ ದಂಪತಿ 1940ರ ದಶಕದಲ್ಲಿ ಲಂಡನ್‌ನಲ್ಲಿ ಶುರು ಮಾಡಿದ್ದು. ಆಗಿನ ಕಾಲಕ್ಕೆ ಅದು ದೊಡ್ಡದು. ಈಗ ಮುಂದೆ ಬಂದಿದ್ದೇವೆ. ಹಿರಿಯರು ಬೇಜಾರಾಗಬಾರದು.

ಶಹಾಬಾದ್ ಅವರೇ, ಮೂರು ಪ್ರಶ್ನೆ. 2 ವರ್ಷ ತುಂಬುವುದರೊಳಗೆ ಅವನು ಯಾರ ಆಸರೆಯೂ ಇಲ್ಲದೆ ಕೂತಿದ್ದನಾ? ಸೊಂಟದ ಎಕ್ಸ್‌ರೇ ಯಾವಾಗ ತೆಗೆಸಿದ್ದೀರಿ? ಕಾಲಿಗೆ ಸ್ಪ್ಲಿಂಟ್ ಇದೆಯಾ?

ಹಳೇ_ಫಿಸಿಯೋ
ಬೇಜಾರೇನಿಲ್ಲ. ಆದರೆ ದಿನಕ್ಕೆ 40 ಮಕ್ಕಳು ಲೈನ್ ಹಚ್ಚಿದಾಗ ಒಬ್ಬೊಬ್ಬನ ಆಸೆ ಕೇಳುತ್ತಾ ಕೂತರೆ ರಾತ್ರಿ ಆಗುತ್ತದೆ. ಮಂಚ ಒಂದು, ಕೈ ಎರಡು. ಅದನ್ನೂ ಬರೆಯಿರಿ.

ಬೀದರ್_ಫಿಸಿಯೋ
ಅದು ಖರೆ ಸರ್. ಅದಕ್ಕೇ ಮನೆಯಲ್ಲಿ ಮಾಡೋದನ್ನು ತಾಯಂದಿರಿಗೆ ಸರಿಯಾಗಿ ಹೇಳಿಕೊಡಬೇಕು ಅನ್ನೋದು ನನ್ನ ವಾದ. ವಾರಕ್ಕೆ ಒಂದೂವರೆ ಗಂಟೆ ನಮ್ಮ ಹತ್ತಿರ, ಉಳಿದಿದ್ದೆಲ್ಲ ಮನೆಯಲ್ಲೇ ಅಲ್ವಾ.

ಮಹಾಗಾಂವ್_ಕ್ರಾಸ್
ಇಷ್ಟೆಲ್ಲ ಯಾಕೆ? ಹೈದರಾಬಾದಿನಲ್ಲಿ ಸ್ಟೆಮ್ ಸೆಲ್, ಅಂದರೆ ಹೊಸ ಜೀವಕೋಶ ಹುಟ್ಟಿಸುವ ಮೂಲಕೋಶ, ಹಾಕುತ್ತಾರೆ. ನಮ್ಮ ಪರಿಚಯದವರ ಹುಡುಗ ಮೂರೇ ಇಂಜೆಕ್ಷನ್‌ಗೆ ಎದ್ದು ನಿಂತ. ಖರ್ಚು ಜರಾ ಜಾಸ್ತಿ. ಆದರೆ ಮಗುವಿನ ಮುಂದೆ ದುಡ್ಡು ಏನು? ಬೇಕಾದರೆ ನಂಬರ್ ಕೊಡುತ್ತೇನೆ.

ತೊಗರಿ_ಕಣಜ
ನಂಬರ್ ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ ಅಣ್ಣಾ. ನನ್ನ ತಮ್ಮ ಇದೇ ಮಾತು ಕೇಳಿ ಎರಡು ಎಕರೆ ಒತ್ತಿ ಹಾಕಿದ. ಮಗಳು ಮೊದಲು ಹೇಗಿದ್ದಳೋ ಹಾಗೇ ಇದ್ದಾಳೆ. ಹೊಲದಲ್ಲಿ ಈಗ ಬೇರೆಯವರ ತೊಗರಿ.

ಬೀದರ್_ಫಿಸಿಯೋ
ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲೇ ಇದೆ. ಕೆಲವು ರಕ್ತದ ಕಾಯಿಲೆಗಳನ್ನು ಬಿಟ್ಟರೆ ಸ್ಟೆಮ್ ಸೆಲ್ಲನ್ನು ಚಿಕಿತ್ಸೆ ಅಂತ ದುಡ್ಡು ತೆಗೆದುಕೊಂಡು ಕೊಡುವ ಹಾಗಿಲ್ಲ, ಸಂಶೋಧನೆಯಾಗಿ ಮಾತ್ರ ಮಾಡಬಹುದು. ಇನ್ನೊಂದು ಆಕ್ಸಿಜನ್ ಡಬ್ಬಿ. ಒತ್ತಡದ ಕೋಣೆಯೊಳಗೆ ಮಲಗಿಸಿ ಆಕ್ಸಿಜನ್ ಕೊಡೋದು. 2001ರಲ್ಲಿ ಕೆನಡಾದಲ್ಲಿ ಅರ್ಧ ಮಕ್ಕಳಿಗೆ ಆಕ್ಸಿಜನ್, ಇನ್ನರ್ಧಕ್ಕೆ ಸ್ವಲ್ಪ ಒತ್ತಿದ ಬರೀ ಗಾಳಿ ಕೊಟ್ಟು ನೋಡಿದರು. ಎರಡೂ ಗುಂಪು ಒಂದೇ ಸಮ ಸುಧಾರಿಸಿದವು. ಗಾಳಿಗೆ ಯಾರಾದರೂ ಲಕ್ಷ ಕೊಡುತ್ತಾರಾ?

"ಇಂಜೆಕ್ಷನ್ ಆದ ಮೇಲೆ ಎದ್ದು ನಿಂತ" ಅನ್ನೋ ಮಕ್ಕಳಿಗೆ ಎಷ್ಟೋ ಸಲ ಅದೇ ತಿಂಗಳಲ್ಲಿ ಫಿಸಿಯೋ ಕೂಡ ಮಾಡಿಸಿರುತ್ತಾರೆ. ಅದನ್ನು ಯಾರೂ ಹೇಳುವುದಿಲ್ಲ.

ಮಹಾಗಾಂವ್_ಕ್ರಾಸ್
ಉಪಕಾರಕ್ಕೆ ಬಂದರೆ ಅಪಕಾರ. ನಾನೇನು ಕಮಿಷನ್ ತಿನ್ನುತ್ತೇನಾ?

ತೊಗರಿ_ಕಣಜ
ಕೇಳಿದ್ದು ನಾವಲ್ಲ, ನೀವೇ.

ಶಹಾಬಾದ್_ಅವ್ವ
ಬೀದರ್ ಸರ್, ಒಂದೂವರೆ ವರ್ಷದ ಮೇಲೆ ತಾನೇ ಕೂತ. ಕಾಲು ಎರಡೂ ಹಿಂದಕ್ಕೆ ಮಡಚಿ ಕಪ್ಪೆ ಹಾಗೆ ಕೂಡುತ್ತಾನೆ. ಎಕ್ಸ್‌ರೇ ಯಾರೂ ಬರೆದುಕೊಟ್ಟಿಲ್ಲ. ಸ್ಪ್ಲಿಂಟ್ ಇದೆ. ಕ್ಯಾಂಪಿನಲ್ಲಿ ಕೊಟ್ಟಿದ್ದು, ಹೋದ ವರ್ಷದ್ದು. ಹಾಕಿದರೆ ಕೆಂಪಗಾಗುತ್ತದೆ. ಅದಕ್ಕೇ ಕಪಾಟಿನ ಮೇಲೆ ಇಟ್ಟಿದ್ದೇನೆ.

ಬೀದರ್_ಫಿಸಿಯೋ
ಒಂದೂವರೆಗೆ ಕೂತಿದ್ದು ಒಳ್ಳೇ ಗುರುತು. 2 ವರ್ಷದೊಳಗೆ ಸ್ವಂತವಾಗಿ ಕೂತ ಮಕ್ಕಳಲ್ಲಿ ಹೆಚ್ಚಿನವರು ಯಾವುದಾದರೂ ರೀತಿಯಲ್ಲಿ ನಡೆಯುತ್ತಾರೆ. "ಯಾವುದಾದರೂ ರೀತಿಯಲ್ಲಿ" ಅನ್ನೋದನ್ನು ಗಮನಿಸಿ. ವಾಕರ್ ಹಿಡಿದು ಇರಬಹುದು, ಕೋಲು ಹಿಡಿದು ಇರಬಹುದು, ಏನೂ ಇಲ್ಲದೆಯೂ ಇರಬಹುದು.

ಇದಕ್ಕೊಂದು ಅಳತೆ ಇದೆ, ಜಿಎಂಎಫ್‌ಸಿಎಸ್ ಅಂತ. 1997ರಲ್ಲಿ ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ ಪಾಲಿಸಾನೋ ಮತ್ತವರ ಜೊತೆಗಾರರು ಮಾಡಿದ್ದು. ಐದು ಹಂತ. ಒಂದನೆಯವರು ಎಲ್ಲ ಕಡೆ ನಡೆಯುತ್ತಾರೆ, ಕಠಡಾ ಹಿಡಿಯದೆ ಮೆಟ್ಟಿಲು ಹತ್ತುತ್ತಾರೆ. ಎರಡನೆಯವರಿಗೆ ಮೆಟ್ಟಿಲಿಗೆ ಕಠಡಾ ಬೇಕು. ಮೂರನೆಯವರಿಗೆ ಕೈಯಲ್ಲಿ ವಾಕರ್ ಅಥವಾ ಕೋಲು ಬೇಕು. ನಾಲ್ಕು, ಐದಕ್ಕೆ ಹೆಚ್ಚಾಗಿ ಗಾಲಿಕುರ್ಚಿ. ನೀವು ಬರೆದದ್ದು ನೋಡಿದರೆ ಇವನು ಮೂರರ ಹತ್ತಿರ ಇರಬಹುದು. ಆದರೆ ಕಣ್ಣಿಂದ ನೋಡದೆ ಹೇಳಬಾರದು. ಹತ್ತಿರದಲ್ಲಿ ಮಕ್ಕಳ ಫಿಸಿಯೋ ಯಾರಿದ್ದರೂ "ಇವನ ಜಿಎಂಎಫ್‌ಸಿಎಸ್ ಎಷ್ಟು" ಅಂತ ಕೇಳಿ. ಗೊತ್ತಿಲ್ಲ ಅಂದರೆ ಬೇರೆಯವರನ್ನು ಹುಡುಕಿ.

ಎಕ್ಸ್‌ರೇ ಇದೇ ತಿಂಗಳು ಮಾಡಿಸಿ. ಸೆರೆಬ್ರಲ್ ಪಾಲ್ಸಿಯ ಸುಮಾರು ಮೂರರಲ್ಲಿ ಒಂದು ಮಗುವಿಗೆ ಸೊಂಟದ ಕೀಲು ಮೆಲ್ಲಗೆ ಜಾರುತ್ತದೆ. ಶುರುವಿಗೆ ನೋವೇ ಇರುವುದಿಲ್ಲ, ಗೊತ್ತೇ ಆಗುವುದಿಲ್ಲ. ನಡಿಗೆ ಕಡಿಮೆ ಇದ್ದಷ್ಟೂ ಜಾರುವುದು ಜಾಸ್ತಿ.

ಇನ್ನು ಸ್ಪ್ಲಿಂಟ್. ಒಂದು ವರ್ಷದ ಹಿಂದಿನದು ಈಗ ಚಿಕ್ಕದಾಗಿರುತ್ತದೆ. ತೆಗೆದ ಮೇಲೆ ಅರ್ಧ ಗಂಟೆಯೊಳಗೆ ಕೆಂಪು ಹೋದರೆ ಪರವಾಗಿಲ್ಲ. ಹೋಗದಿದ್ದರೆ ಆ ಜಾಗದಲ್ಲಿ ಒತ್ತುತ್ತಿದೆ, ಬಿಸಿ ಮಾಡಿ ಹಿಗ್ಗಿಸಬೇಕು ಇಲ್ಲ ಹೊಸದು ಮಾಡಿಸಬೇಕು.

ಆಳಂದ_ಅಕ್ಕ
ಸ್ಪ್ಲಿಂಟ್ ವಿಷಯ ಬಂತಲ್ಲ, ಹೇಳಿಯೇ ಬಿಡುತ್ತೇನೆ. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲಿಗೆ ಆ ಪ್ಲಾಸ್ಟಿಕ್ ಬೂಟಿನೊಳಗೆ ಕಾಲು ಬೇಯುತ್ತದೆ. ಮೊಣಕಾಲಿನ ತನಕ ಬರುವ ಕಾಟನ್ ಸಾಕ್ಸ್ ಹಾಕು, ಎರಡು ಜೊತೆ ಇಟ್ಟುಕೋ, ಮಧ್ಯಾಹ್ನ ಬದಲಿಸು. ನೈಲಾನ್ ಬ್ಯಾಡ. ಸಾಕ್ಸಿನಲ್ಲಿ ಮಡಿಕೆ ಬಿದ್ದರೆ ಅದೇ ಗಾಯ ಮಾಡುತ್ತದೆ. ಅಂಟುಪಟ್ಟಿಯಲ್ಲಿ ಜೋಳದ ರವದಿ, ಕೂದಲು, ಧೂಳು ತುಂಬಿಕೊಂಡು ಹಿಡಿಯೋದೇ ಬಿಡುತ್ತದೆ. ನಾನು ಅಮಾಸಿಗೊಮ್ಮೆ ಸೇಫ್ಟಿ ಪಿನ್ ತೆಗೆದುಕೊಂಡು ಕೂತು ಒಂದೊಂದೇ ಎಳೆ ಕಿತ್ತು ತೆಗೆಯುತ್ತೇನೆ. ಹೊಸದರ ಹಾಗೆ ಚರ್ ಅಂತ ಹಿಡಿಯುತ್ತದೆ.

ಬೂಟು ಒಂದು ಸೈಜು ದೊಡ್ಡದು ತೆಗೆದುಕೋ. ಒಳಗಿನ ಮೆತ್ತೆ ತೆಗೆದರೆ ಸ್ಪ್ಲಿಂಟ್ ಸಮೇತ ಕೂಡುತ್ತದೆ.

ಸೂಪರ್_ಮಾರ್ಕೆಟ್_ಭಾಯ್
ಕಲಬುರಗಿಯ ಸೂಪರ್ ಮಾರ್ಕೆಟ್ ಕಡೆ ಬಂದರೆ ಎಡಗಾಲು ಬಲಗಾಲು ಬೇರೆ ಬೇರೆ ಸೈಜಿನ ಬೂಟು ಕೊಡುವ ಅಂಗಡಿ ಇದೆಯಾ ಯಾರಿಗಾದರೂ ಗೊತ್ತಾ? ನನ್ನ ಅಳಿಯನಿಗೆ ಒಂದು ಕಡೆ ಮಾತ್ರ ಸ್ಪ್ಲಿಂಟ್. ಪ್ರತಿ ಸಲ ಎರಡು ಜೊತೆ ಖರೀದಿ ಮಾಡಿ ಎರಡು ಬೂಟು ಸುಮ್ನೆ ಬಿಸಾಕುತ್ತಿದ್ದೇವೆ.

ತೊಗರಿ_ಕಣಜ
ಭಾಯ್, ಬಲಗಾಲಿಗೆ ಸ್ಪ್ಲಿಂಟ್ ಇರುವವರು, ಎಡಗಾಲಿಗೆ ಇರುವವರು ಇಬ್ಬರು ಸೇರಿ ಕೊಂಡರೆ ಆಯಿತು. ಇಲ್ಲೇ ಇನ್ನೊಂದು ಚರ್ಚೆ ಶುರು ಮಾಡಿ.

ತಾಜ್‌ಸುಲ್ತಾನ್‌ಪುರ_ಹುಡುಗ
ಅತ್ತೆ ಎಣ್ಣೆ ಹಚ್ಚು ಅಂದರು ಅಂತ ಓದಿ ನಮ್ಮೂರು ನೆನಪಾಯಿತು. 2019ರ ಡಿಸೆಂಬರ್ 26ರ ಸೂರ್ಯಗ್ರಹಣ. ಅಂಗವಿಕಲ ಮಕ್ಕಳನ್ನು ಕುತ್ತಿಗೆತನಕ ಮಣ್ಣಲ್ಲಿ ಹೂತು ನಿಲ್ಲಿಸಿದ್ದರು, ಗ್ರಹಣ ಬಿಡುವಷ್ಟರಲ್ಲಿ ಕೈಕಾಲು ಬರುತ್ತವೆ ಅಂತ. ದೇಶದ ಟಿವಿಯಲ್ಲೆಲ್ಲ ನಮ್ಮೂರ ಹೆಸರು ಬಂತು. ಮಾನ ಹೋಯಿತು. ಇಷ್ಟು ಅಂಧಶ್ರದ್ಧೆಯ ಜನ ಎಲ್ಲಾದರೂ ಇದ್ದಾರಾ?

ಸುರಪುರ_ಡಿಗ್ರಿ
ಇದೇ ಮಾತಿಗೆ ನನಗೆ ಸಿಟ್ಟು ಬರುತ್ತದೆ. ನನಗೇ ಸಿಪಿ, ಅಂದರೆ ಸೆರೆಬ್ರಲ್ ಪಾಲ್ಸಿ ಇದೆ. 23 ವರ್ಷ. ಎರಡು ಕೋಲಿನ ಮೇಲೆ ನಡೆಯುತ್ತೇನೆ. ಹೂತದ್ದು ತಪ್ಪು, ಉಸಿರುಗಟ್ಟಿ ಸಾಯಬಹುದು, ಎರಡು ಮಾತಿಲ್ಲ. ಆದರೆ ಟಿವಿಯವರು ಆ ತಾಯಂದಿರನ್ನು ಬೈದರೇ ಹೊರತು, ಆ ಮಕ್ಕಳಿಗೆ ಮೊದಲು ಎಷ್ಟು ವರ್ಷ ಫಿಸಿಯೋ ಸಿಕ್ಕಿತ್ತು, ವಾಕರ್ ಸಿಕ್ಕಿತ್ತಾ ಅಂತ ಯಾರು ಕೇಳಿದರು? ನನ್ನನ್ನೂ ಅಪ್ಪ ಎಲ್ಲ ದೇವರಿಗೂ ಹೊತ್ತುಕೊಂಡು ಹೋಗಿದ್ದಾರೆ. ಬಂದೇ ನವಾಜ್ ದರ್ಗಾಕ್ಕೂ ಹೋಗಿದ್ದೇವೆ, ಶರಣಬಸವೇಶ್ವರ ಗುಡಿಗೂ ಹೋಗಿದ್ದೇವೆ. ಬೇರೆ ದಾರಿ ತೋರಿಸುವವರು ಊರಿನಲ್ಲಿ ಯಾರೂ ಇರಲಿಲ್ಲ. ಹಂಗಿಸುವುದು ಭಾಳ ಸುಲಭ.

ತಾಜ್‌ಸುಲ್ತಾನ್‌ಪುರ_ಹುಡುಗ
ಅಣ್ಣಾ, ಹಂಗಿಸಿದ್ದಲ್ಲ. ಆದರೂ ನೀವು ಹೇಳಿದ್ದು ಸರಿ. ಒಪ್ಪಿದೆ.

ಕಮಲಾಪುರ_ಸೊಸೆ
ಎಣ್ಣೆ ಹಚ್ಚಿದರೆ ತಪ್ಪೇನು? ಅತ್ತೆಯನ್ನು ಯಾಕೆ ಅನ್ನುತ್ತೀರಿ? ನಮ್ಮಲ್ಲಿ ಬಾಳೆಹಣ್ಣು, ಎಣ್ಣೆ, ಬಿಸಿಲು ಇವೇ ಔಷಧ.

ಬೀದರ್_ಫಿಸಿಯೋ
ತಪ್ಪೇನಿಲ್ಲ ಅಕ್ಕಾ. ಮೈ ಹಗುರ ಆಗುತ್ತದೆ, ಮಗು ನಗುತ್ತದೆ, ಅಜ್ಜಿಯ ಕೈ ಮೊಮ್ಮಗನ ಮೇಲೆ ಇರುತ್ತದೆ. ಮಾಡಲಿ. ನಡಿಗೆ ಅದರಿಂದ ಬರುವುದಿಲ್ಲ, ಅಷ್ಟೇ. ಒಂದು ಕೆಲಸ ಮಾಡಿ. ಎಣ್ಣೆ ಹಚ್ಚುವಾಗ ಮಲಗಿಸಬೇಡಿ. ಮಣೆ ಮೇಲೆ ಕೂಡಿಸಿ, ಪಾದ ಎರಡೂ ನೆಲಕ್ಕೆ ಊರಿಸಿ ಹಚ್ಚಿರಿ. ಬೆನ್ನಿಗೂ ಕೆಲಸ ಆಯಿತು, ಹಿಮ್ಮಡಿಗೂ ಆಯಿತು. ಆಮೇಲೆ ನೆಲ ಒರೆಸಿರಿ. ಎಣ್ಣೆ ಕಾಲಲ್ಲಿ ಜಾರಿ ಬಿದ್ದವರ ಕತೆ ನನ್ನ ಹತ್ತಿರ ಭಾಳ ಇವೆ.

ಶಹಾಬಾದ್ ಅವರೇ, ಇನ್ನೊಂದು ಪ್ರಶ್ನೆ. ನಿಮ್ಮ ಮಗನಿಗೆ ಏನು ಬೇಕು? ನಿಮಗೆ ಅಲ್ಲ, ಅವನಿಗೆ.

ಶಹಾಬಾದ್_ಅವ್ವ
ಅವನಿಗಾ? ಕೇಳಿದೆ ಸರ್. ಒಬ್ಬನೇ ಅಂಗಡಿಗೆ ಹೋಗಿ ಕುರ್ಕುರೆ ತರಬೇಕಂತೆ. ಎದುರು ಮನೆ ಹುಡುಗ ಹೋಗುತ್ತಾನಲ್ಲ, ಹಾಗೆ. ಅಂಗಡಿ ನಮ್ಮ ಬಾಗಿಲಿನಿಂದ ಮೂರನೇ ಮನೆ.

ಬೀದರ್_ಫಿಸಿಯೋ
ಹಾಗಾದರೆ ನಿಮ್ಮ ಫಿಸಿಯೋ ಸೆಂಟರ್ ಅಂಗಡಿಯೇ. ನಗಬೇಡಿ, ತಮಾಷೆ ಅಲ್ಲ.

ಆ ದಾರಿಯನ್ನು ಬಿಡಿಸಿ ನೋಡಿ. ಕೂತಲ್ಲಿಂದ ಏಳಬೇಕು. ಹೊಸ್ತಿಲು ದಾಟಬೇಕು. ಅಂಗಳ. ಚರಂಡಿ ಮೇಲಿನ ಕಲ್ಲು. ಅಂಗಡಿ ಮುಂದೆ ನಿಂತು ಒಂದು ಕೈ ಬಿಟ್ಟು ದುಡ್ಡು ಕೊಡಬೇಕು. ಒಂದೊಂದೂ ಒಂದೊಂದು ಪಾಠ. ಏಳುವುದಕ್ಕೆ ಗಿಡ್ಡ ಮಣೆ ಮೇಲೆ ಕೂಡಿಸಿ, ಹಿಮ್ಮಡಿ ನೆಲಕ್ಕೆ ಹತ್ತಿರಲಿ, ಎದ್ದು ನಿಂತು ಎದುರಿನ ಡಬ್ಬಿಯೊಳಗೆ ಒಂದು ತೊಗರಿಕಾಳು ಹಾಕಿ ಮತ್ತೆ ಕೂಡಲಿ. 10 ಕಾಳು. ಸ್ವಲ್ಪ ಕುಡಿಯಲಿ, ಮತ್ತೆ 10. ಸುಲಭ ಆದಾಗ ಬೆನ್ನಿಗೆ ಸಣ್ಣ ಬ್ಯಾಗಿನಲ್ಲಿ ಕಾಲು ಕೆಜಿ ಬೇಳೆ, ಆಮೇಲೆ ಅರ್ಧ ಕೆಜಿ. ಬಿಗಿ ಕಾಲು ಅಂದರೆ ಶಕ್ತಿ ಇರುವ ಕಾಲು ಅಂತ ಜನ ತಿಳಿಯುತ್ತಾರೆ. ಉಲ್ಟಾ. ಬಿಗಿಯ ಒಳಗೆ ದುರ್ಬಲತೆ ಇರುತ್ತದೆ. ಶಕ್ತಿ ಬೆಳೆಸಿದರೆ ಬಿಗಿ ಜಾಸ್ತಿ ಆಗುತ್ತದೆ ಅಂತ ಹಿಂದೆ ಹೆದರುತ್ತಿದ್ದೆವು, ಅದು ಸುಳ್ಳು ಅಂತ ಆಯಿತು.

ನಡೆಯಲು ಹಿಂದಿನಿಂದ ಬರುವ ವಾಕರ್ ಕೇಳಿ. ಚೌಕಟ್ಟು ಮಗುವಿನ ಬೆನ್ನ ಹಿಂದೆ ಇರುತ್ತದೆ. ಮುಂದೆ ತಳ್ಳುವ ವಾಕರ್‌ನಲ್ಲಿ ಈ ಮಕ್ಕಳು ಕುಂಟಬಿಲ್ಲೆ ಹುಡುಕುವವರ ಹಾಗೆ ಬಗ್ಗಿಯೇ ಬಿಡುತ್ತಾರೆ. ಹಿಂದಿನದರಲ್ಲಿ ಎದೆ ಎತ್ತಿ ನಡೆಯುತ್ತಾರೆ. ಗಾಲಿಯ ಮೇಲೆ ಕೂಡಿಸುವ ಬೇಬಿ ವಾಕರ್ ಮಾತ್ರ ಬ್ಯಾಡವೇ ಬ್ಯಾಡ. ಕೆನಡಾದಲ್ಲಿ 2004ರಲ್ಲಿ ಅದನ್ನು ಮಾರುವುದನ್ನೇ ನಿಷೇಧಿಸಿದರು. ತುದಿಗಾಲಲ್ಲಿ ತಳ್ಳುವುದನ್ನು ಅದೇ ಕಲಿಸುತ್ತದೆ.

ಕಪನೂರ್_ವೆಲ್ಡಿಂಗ್
ಫಿಸಿಯೋ ಸರ್, ಆ ಹಿಂದಿನ ವಾಕರ್ ಫೋಟೋ ಹಾಕಿ. ಜಿಐ ಪೈಪಿನಲ್ಲಿ ಮಾಡಿಕೊಡುತ್ತೇನೆ. ನಮ್ಮ ಓಣಿಯ ಹುಡುಗಿಗೆ ಎರಡು ಪೈಪಿನ ಕಠಡಾ ಹಾಕಿಕೊಟ್ಟಿದ್ದೆ, ಹಿಡಿದು ನಡೆಯಲು. ಎತ್ತರ ಹೆಚ್ಚು ಕಡಿಮೆ ಮಾಡಲು ತೂತು ಹೊಡೆದು ನಟ್ ಹಾಕಿದ್ದೆ.

ಬೀದರ್_ಫಿಸಿಯೋ
ಕಠಡಾ ಚಲೋ ಕೆಲಸ. ಮೊದಮೊದಲು ಧೈರ್ಯ ಬರುತ್ತದೆ. ಆದರೆ ಅದರಲ್ಲೇ ವರ್ಷಗಟ್ಟಲೆ ಇಟ್ಟರೆ ಮಗು ತೋಳಿನ ಮೇಲೆ ಜೋತು ನಡೆಯುವುದನ್ನು ಕಲಿಯುತ್ತದೆ. ವಾಕರ್‌ಗೆ ಹಿಂದಿನ ಗಾಲಿ ಹಿಂದಕ್ಕೆ ಉರುಳಬಾರದು, ಅದೊಂದು ನೋಡಿಕೊಳ್ಳಿ. ಇಲ್ಲದಿದ್ದರೆ ಮಗು ಅಂಗಾತ ಬೀಳುತ್ತದೆ. ಹಿಡಿಕೆಯ ಎತ್ತರ ಮೊಣಕೈ ಸ್ವಲ್ಪ ಬಾಗುವಷ್ಟಿರಲಿ. ಫೋಟೋ ಹಾಕುತ್ತೇನೆ. ಮೊದಲ ಸಲ ಯಾರಾದರೂ ಫಿಸಿಯೋ ಮುಂದೆಯೇ ಹಾಕಿ ನೋಡಿ.

ಯಾದಗಿರಿ_ಆಶಾ
ನಾನು ಆಶಾ ಕಾರ್ಯಕರ್ತೆ. ದುಡ್ಡಿನ ಮಾತು ಯಾರೂ ಎತ್ತಿಲ್ಲ, ನಾನು ಎತ್ತುತ್ತೇನೆ. ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರ ಗುರುತಿನ ಚೀಟಿ ಮಾಡಿಸಿ ಅಕ್ಕಾ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ವಿಧಗಳಲ್ಲಿ ಸೆರೆಬ್ರಲ್ ಪಾಲ್ಸಿ ಇದೆ. 40 ಪರ್ಸೆಂಟ್ ಇದ್ದರೆ ಹೆಚ್ಚಿನ ಸೌಲತ್ತು ಸಿಗುತ್ತವೆ. ನಿರಾಮಯ ಅಂತ ಆರೋಗ್ಯ ವಿಮೆ ಇದೆ, ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನದು, 1 ಲಕ್ಷದ ತನಕ. ಅದರಲ್ಲಿ ಥೆರಪಿ ಖರ್ಚೂ ಬರುತ್ತದೆ, ರಸೀದಿ ಮಾತ್ರ ಕಳೆಯಬೇಡಿ. ವಾಕರ್, ಕುರ್ಚಿ ಬೇಕಾದರೆ ಅಡಿಪ್ ಅನ್ನೋ ಕೇಂದ್ರ ಸರ್ಕಾರದ ಯೋಜನೆಯ ಕ್ಯಾಂಪ್ ಬಂದಾಗ ಹೆಸರು ಬರೆಸಿ. ಆ ಸಾಮಾನು ಕಾನ್ಪುರದ ಅಲಿಮ್ಕೋ ಅನ್ನೋ ಸರ್ಕಾರಿ ಕಂಪನಿಯಿಂದ ಬರುತ್ತದೆ. 2013ರಿಂದ ಆರ್‌ಬಿಎಸ್‌ಕೆ ಅಂತ ಮಕ್ಕಳ ಆರೋಗ್ಯ ತಪಾಸಣೆ ಯೋಜನೆ ಇದೆ, ಅವರ ತಂಡ ಅಂಗನವಾಡಿಗೆ ಬಂದಾಗ ಮಗುವನ್ನು ತೋರಿಸಿ, ಜಿಲ್ಲಾ ಕೇಂದ್ರಕ್ಕೆ ಬರೆದುಕೊಡುತ್ತಾರೆ.

ನನ್ನದೊಂದು ಗೋಳು. ಏಳು ತಿಂಗಳಿಗೆ ಹುಟ್ಟಿದ ಕೂಸುಗಳ ಮನೆಗೆ ಹೋಗಿ "ಕುತ್ತಿಗೆ ನಿಂತಿಲ್ಲ, ತೋರಿಸಿರಿ" ಅಂದರೆ, "ನಮ್ಮ ಮನೆತನದಲ್ಲಿ ಎಲ್ಲರೂ ತಡವಾಗೇ ನಡೆದಿದ್ದು" ಅಂತಾರೆ. ಎರಡು ವರ್ಷ ಹಾಗೇ ಹೋಗುತ್ತದೆ.

ಆಳಂದ_ಅಕ್ಕ
ಅಯ್ಯೋ ತಂಗಿ, ನಮ್ಮ ಮಾವನವರೂ ಅದನ್ನೇ ಅಂದದ್ದು. ಅವರು ನಾಲ್ಕು ವರ್ಷಕ್ಕೆ ನಡೆದರಂತೆ. ಸಾಕ್ಷಿ ಯಾರೂ ಉಳಿದಿಲ್ಲ.

ಜೇವರ್ಗಿ_ಮಾಸ್ತರ್
ಬೋಟಾಕ್ಸ್ ಅಂತ ಒಂದು ಇಂಜೆಕ್ಷನ್ ಬಗ್ಗೆ ಕೇಳಿದ್ದೆ. ಅದು ಸಿನಿಮಾದವರು ಮುಖಕ್ಕೆ ಹಾಕಿಸಿಕೊಳ್ಳುವುದು ಅಲ್ವಾ? ನಮ್ಮ ಶಾಲೆಯ ಹುಡುಗನ ಕಾಲಿಗೆ ಹಾಕಿದರು ಅಂದಾಗ ಸ್ಟಾಫ್ ರೂಮಿನಲ್ಲಿ ಎಲ್ಲರೂ ನಕ್ಕೆವು.

ಬೀದರ್_ಫಿಸಿಯೋ
ಅದೇ ಔಷಧ ಮಾಸ್ತರ್. ಬಿಗಿ ಸ್ನಾಯುವಿಗೆ ಹಾಕಿದರೆ ಸುಮಾರು ಮೂರು ತಿಂಗಳು, ಕೆಲವರಿಗೆ ಇನ್ನೂ ಸ್ವಲ್ಪ ಜಾಸ್ತಿ, ಸಡಿಲ ಆಗುತ್ತದೆ. ಆಮೇಲೆ ಮತ್ತೆ ಮೊದಲಿನ ಹಾಗೆ. ಇಂಜೆಕ್ಷನ್ ನಡೆಸುವುದಿಲ್ಲ, ಕಿಟಕಿ ತೆಗೆದು ಕೊಡುತ್ತದೆ ಅಷ್ಟೇ. ಆ ಮೂರು ತಿಂಗಳಲ್ಲಿ ಸ್ಪ್ಲಿಂಟ್, ಪ್ಲಾಸ್ಟರ್, ದಿನಾ ಅಭ್ಯಾಸ ಮಾಡಿದರೆ ಲಾಭ. ಹಾಕಿಸಿ ಮನೆಗೆ ಹೋಗಿ ಮಲಗಿಸಿದರೆ ದುಡ್ಡು ದಂಡ. ಯಾರಿಗೆ ಬೇಕು ಅನ್ನುವುದನ್ನು ಮಕ್ಕಳ ನರರೋಗದ ಡಾಕ್ಟರೋ ಮೂಳೆ ಡಾಕ್ಟರೋ ನೋಡಿ ಹೇಳಬೇಕು.

ಹಳೇ_ಫಿಸಿಯೋ
ಹಿಮ್ಮಡಿ ನರ ಉದ್ದ ಮಾಡುವ ಆಪರೇಷನ್ ಬಗ್ಗೆಯೂ ಎಚ್ಚರ ಕೊಡಿ. ಅವಸರ ಮಾಡಿ ಸಣ್ಣ ವಯಸ್ಸಿನಲ್ಲಿ ಜಾಸ್ತಿ ಉದ್ದ ಮಾಡಿದ ಮಕ್ಕಳು ನನ್ನ ಹತ್ತಿರ ಬಂದಿದ್ದಾರೆ. ತುದಿಗಾಲು ಹೋಗುತ್ತದೆ, ಆದರೆ ಮೊಣಕಾಲು ಮಡಚಿ ಕುಕ್ಕರಗಾಲಲ್ಲಿ ನಡೆಯುತ್ತಾರೆ. ಅದು ತುದಿಗಾಲಿಗಿಂತ ಕಷ್ಟ.

ಬೀದರ್_ಫಿಸಿಯೋ
ನೂರಕ್ಕೆ ನೂರು. ಈ ಮಾತು ನಿಮ್ಮ ಬಾಯಿಂದಲೇ ಬರಬೇಕಿತ್ತು ಸರ್.

ಸುರಪುರ_ಡಿಗ್ರಿ
ಅದೇ ಕುಕ್ಕರಗಾಲು ನಾನು. ಆಪರೇಷನ್ ಆಗದೆಯೇ ಬಂತು. 12-13ಕ್ಕೆ ಸರ್ ಅಂತ ಎತ್ತರ ಆದೆ, ಮೈ ತೂಕವೂ ಏರಿತು, ಅದೇ ಕಾಲು ಹೊರಲಾರದೆ ಹೋಯಿತು. ಒಂಬತ್ತನೇ ಕ್ಲಾಸಿನಲ್ಲಿ ಎಲ್ಲರೂ "ಮೊದಲು ಚಲೋ ನಡೆಯುತ್ತಿದ್ದ, ಈಗ ಸೋಮಾರಿ ಆಗಿದ್ದಾನೆ" ಅನ್ನುವವರೇ. ಮೆದುಳಿನ ಪೆಟ್ಟು ಬೆಳೆಯುವುದಿಲ್ಲ, ಕಾಲು ಬೆಳೆಯುತ್ತದೆ. ಅದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ಹೇಳಿದ್ದರೆ ಆ ವರ್ಷ ವ್ಯಾಯಾಮ ಬಿಟ್ಟು ಓದುತ್ತಾ ಕೂಡುತ್ತಿರಲಿಲ್ಲ.

ಅಕ್ಕಾ, ಇನ್ನೊಂದು. "ನಡೆಯುತ್ತಾನಾ" ಅಂತ ಕೇಳಿದಿರಿ. ನನ್ನ ಬಾಲ್ಯ ಪೂರ್ತಿ ಅದೊಂದೇ ಪರೀಕ್ಷೆ. ಸಂಬಂಧಿಕರು ಬಂದರೆ "ನಡೆದು ತೋರಿಸು". ಈಗ ಕಾಲೇಜಿನೊಳಗೆ ಕೋಲಿನಲ್ಲಿ ಓಡಾಡುತ್ತೇನೆ, ದೂರ ಹೋಗಬೇಕಾದರೆ ಮೂರುಗಾಲಿ ಸ್ಕೂಟರ್. ಗಾಲಿಕುರ್ಚಿ ತಂದರೆ ಅಭ್ಯಾಸ ತಪ್ಪುತ್ತದೆ ಅಂತ ಮನೆಯಲ್ಲಿ ಹತ್ತು ವರ್ಷ ತರಲಿಲ್ಲ. ಜಾತ್ರೆಗೆ ಅಪ್ಪ ಹೊತ್ತುಕೊಂಡು ಹೋಗುತ್ತಿದ್ದರು. 14 ವರ್ಷದ ಹುಡುಗನಿಗೆ ಅಪ್ಪನ ಬೆನ್ನ ಮೇಲೆ ರಥ ನೋಡುವುದು ಹೇಗಿರುತ್ತದೆ ನೀವೇ ಹೇಳಿ. ಅಂಗಡಿಗೆ ವಾಕರ್, ಜಾತ್ರೆಗೆ ಗಾಲಿ. ಎರಡೂ ಇರಲಿ.

ಆಳಂದ_ಅಕ್ಕ
ತಮ್ಮಾ, ಇದನ್ನು ಓದಿ ಸುಮ್ಮನೆ ಕೂತೆ. ನಾನೂ ಗಾಲಿಕುರ್ಚಿ ಬ್ಯಾಡ ಅಂದವಳೇ.

ಜೇವರ್ಗಿ_ಮಾಸ್ತರ್
ಶಾಲೆಗೆ ಈಗಲೇ ಸೇರಿಸಿ ಅಂತ ನನ್ನ ಮಾತು. ನಡೆದ ಮೇಲೆ ಸೇರಿಸುತ್ತೇವೆ ಅಂದವರ ಮಕ್ಕಳು 8 ವರ್ಷಕ್ಕೆ ಒಂದನೇ ಕ್ಲಾಸಿನಲ್ಲಿ ಕೂತಿದ್ದಾರೆ. ನಮ್ಮ ಹುಡುಗ ಪ್ರಾರ್ಥನೆಗೆ ವಾಕರ್ ಹಿಡಿದು ನಿಲ್ಲುತ್ತಾನೆ. ನಾಡಗೀತೆ ಮುಗಿಯುವ ತನಕ ನಿಂತರೆ ಅದೂ ಫಿಸಿಯೋನೇ ಅಲ್ವಾ ಸರ್?

ತೊಗರಿ_ಕಣಜ
ನಾಡಗೀತೆಯ ಹೊತ್ತಿಗೆ ನನಗೇ ಕಾಲು ನೋಯುತ್ತದೆ ಮಾಸ್ತರ್.

ಬೀದರ್_ಫಿಸಿಯೋ
ಖಂಡಿತ ಫಿಸಿಯೋನೇ. ವಯಸ್ಸಿನ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಈ ಮಕ್ಕಳು ಕೂಡುವುದು, ನಿಲ್ಲುವುದು, ನಡೆಯುವುದರಲ್ಲಿ ಏನು ಕಲಿಯಬಹುದೋ ಅದರ ಹೆಚ್ಚಿನ ಭಾಗ 5 ವರ್ಷದೊಳಗೇ ಕಲಿತಿರುತ್ತಾರೆ. 2002ರಲ್ಲಿ ಅದೇ ಕೆನಡಾದ ತಂಡ ನೂರಾರು ಮಕ್ಕಳನ್ನು ವರ್ಷಗಟ್ಟಲೆ ನೋಡಿ ಹೇಳಿದ್ದು. 5 ಆದ ಮೇಲೆ ಬಾಗಿಲು ಮುಚ್ಚಿತು ಅಂತ ಅರ್ಥ ಅಲ್ಲ. ದಮ್ಮು, ಶಕ್ತಿ, ವೇಗ, ಬೇರೆ ಬೇರೆ ಜಾಗದಲ್ಲಿ ನಡೆಯುವುದು, ಇವೆಲ್ಲ ಆಮೇಲೂ ಸುಧಾರಿಸುತ್ತವೆ. ಆದರೆ ಶಹಾಬಾದ್ ಅವರೇ, ಇನ್ನೊಂದು ಆರು ತಿಂಗಳು ಮಂಚದ ಮೇಲೆ ಕಳೆಯಬೇಡಿ.

ಮಹಾಗಾಂವ್_ಕ್ರಾಸ್
ನಿರಾಮಯ ಅರ್ಜಿ ಎಲ್ಲಿ ಹಾಕೋದು? ನಮ್ಮ ಪರಿಚಯದವರಿಗೆ ಕೇಳುತ್ತಿದ್ದೇನೆ.

ಯಾದಗಿರಿ_ಆಶಾ
ಆನ್‌ಲೈನ್‌ನಲ್ಲೇ ಅಣ್ಣಾ. ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಅಂಗವಿಕಲರ ಕೆಲಸ ನೋಡುವ ವಿಆರ್‌ಡಬ್ಲ್ಯೂ ಇರುತ್ತಾರೆ, ಅವರನ್ನು ಹಿಡಿಯಿರಿ. ಕಾರ್ಡ್, ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ.

ಶಹಾಬಾದ್_ಅವ್ವ
ಎರಡು ತಿಂಗಳಾಯಿತು ಬರೆದು. ಮರೆತಿಲ್ಲ, ಪುರುಸೊತ್ತು ಇರಲಿಲ್ಲ.

ಎಕ್ಸ್‌ರೇ ಆಯಿತು. ಬಲಗಡೆ ಸ್ವಲ್ಪ ಜಾರಿದೆ, ಆರು ತಿಂಗಳಿಗೆ ಮತ್ತೆ ತೆಗೆಸಿ ಅಂದರು. ಹೊಸ ಸ್ಪ್ಲಿಂಟ್ ಬಂತು. ಆ ಸೆಂಟರ್ ಬಿಟ್ಟೆ. ಈಗ ಇನ್ನೊಬ್ಬ ಮೇಡಂ ಹತ್ತಿರ 15 ದಿನಕ್ಕೊಮ್ಮೆ ಹೋಗುತ್ತೇವೆ. ಅವರು ಇವನನ್ನು ಮುಟ್ಟುವುದೇ ಕಡಿಮೆ, ನನಗೇ ಜಾಸ್ತಿ ಕಲಿಸುತ್ತಾರೆ. ಮೂರನೇ ಹಂತ ಅಂದರು. ಕಪನೂರ್ ಅಣ್ಣ ವಾಕರ್ ಮಾಡಿಕೊಟ್ಟರು, ಪೈಪಿನ ದುಡ್ಡು ಮಾತ್ರ ತೆಗೆದುಕೊಂಡರು. ಮೇಡಂ ಹತ್ತಿರ ತೋರಿಸಿದೆ, ಹಿಡಿಕೆ ಎರಡು ತೂತು ಕೆಳಗೆ ಇಳಿಸಿದರು.

ಮೊದಲ ವಾರ ಅಂಗಳದಲ್ಲೇ ಜಾರಿದ. ನಮ್ಮದು ಪಾಲಿಶ್ ಮಾಡಿದ ಫರ್ಸಿ, ಕನ್ನಡಿ ಹಾಗೆ ಹೊಳೆಯುತ್ತದೆ. ಅವನಪ್ಪ ನೋಡಿದರು, ಏನೂ ಮಾತಾಡಲಿಲ್ಲ. ಭಾನುವಾರ ಬೆಳಗ್ಗೆ ಹಾರೆ ತೆಗೆದುಕೊಂಡು ಬಾಗಿಲಿನಿಂದ ಚರಂಡಿ ತನಕ ಫರ್ಸಿ ಎಬ್ಬಿಸಿ, ಒಂದೊಂದನ್ನೇ ಬೋರಲು ಹಾಕಿ ಕೂಡಿಸಿದರು. ಒರಟು ಮೈ ಮೇಲೆ ಬಂತು. ಹೊಸ್ತಿಲಿಗೆ ಒಂದು ತುಂಡು ಓರೆಯಾಗಿ ಇಟ್ಟು ಸಿಮೆಂಟ್ ಹಚ್ಚಿದರು. ಒಟ್ಟು 11 ಕಲ್ಲು. ಈಗ ಇವನು ದಿನಾ ಕಲ್ಲು ಎಣಿಸುತ್ತಾನೆ. ಮೊದಲು ಮೂರು ಕಲ್ಲು, ಆಮೇಲೆ ಕೂತು ಅಳು. ಹೋದ ವಾರ ಒಂಬತ್ತು. ಚರಂಡಿ ಹತ್ತಿರ ಒಮ್ಮೆ ಬಿದ್ದ, ಗದ್ದ ಒಡೆಯಿತು, ಎರಡು ದಿನ ವಾಕರ್ ಕಡೆ ನೋಡಲಿಲ್ಲ. ಮೂರನೇ ದಿನ ಎದುರು ಮನೆ ಹುಡುಗ ಕುರ್ಕುರೆ ಹಿಡಿದು ನಿಂತ. ಅವನ ಮೇಲಿನ ಸಿಟ್ಟಿಗೆ ಎದ್ದ.

ನಿನ್ನೆ ಅಂಗಡಿ ಮುಟ್ಟಿದ. ನಾನು ಹಿಂದೆ ಇದ್ದೆ, ಹಿಡಿದಿರಲಿಲ್ಲ. ಕತ್ತರಿಗಾಲು ಇನ್ನೂ ಇದೆ, ನಾಲ್ಕು ಸಲ ಸಿಕ್ಕಿಕೊಂಡಿತು. ಹೋಗಿ ಬರಲು 20 ನಿಮಿಷ ಆಯಿತು.

ಆಳಂದ_ಅಕ್ಕ
ಯವ್ವಾ! ಕುರ್ಕುರೆ ಕೊಡಿಸಿದೆಯಾ ಇಲ್ವಾ?

ಶಹಾಬಾದ್_ಅವ್ವ
ದುಡ್ಡು ಕೊಡಲು ಮರೆತೇ ಬಿಟ್ಟಿದ್ದೆ ಅಕ್ಕಾ. ಇವನು ಅಂಗಡಿಯವನಿಗೆ "ಅಪ್ಪನ ಹೆಸರಿಗೆ ಬರೆಯಿರಿ" ಅಂದ. ಎರಡು ಪಾಕೀಟು ತಂದಿದ್ದಾನೆ. ಇವತ್ತು ಬೆಳಗ್ಗೆ ನಾನು ರೊಟ್ಟಿ ಬಡಿಯುವಾಗ ಮತ್ತೆ ಹೊರಟಿದ್ದ.

ತೊಗರಿ_ಕಣಜ
ಉದ್ರಿ ಬಂದ್ ಮಾಡಿಸಿ ಮೊದಲು.

ಹಳೇ_ಫಿಸಿಯೋ
ಮಾಡಿಸಬೇಡಿ. ಇನ್ನೊಂದು ತಿಂಗಳು ಹೋಗಲಿ. ಮತ್ತೆ ಆ ಕಪನೂರ್ ವೆಲ್ಡಿಂಗ್‌ನವರ ಅಂಗಡಿ ಎಲ್ಲಿ ಬರುತ್ತದೆ? ನನ್ನ ಹತ್ತಿರ ನಾಲ್ಕು ಮಕ್ಕಳಿದ್ದಾರೆ.